ಬೀಸುವ ದೊಣ್ಣೆ ತಪ್ಪಿದ ಮೇಲೆ



ಕೂದಲೆಳೆಯಲ್ಲಿ ಅಪಾಯ ತಪ್ಪಿದಾಗ ನಾವು ‘ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು’ ಎನ್ನುತ್ತೇವೆ. ಪಕ್ಕದ ಮನೆಯ ತಮಿಳಿನವರು ಅದೇ ಹೊತ್ತಿಗೆ ‘ತಲೈಕ್ಕು ವಂದದು ತಲೈಪ್ಪಾಗೈಯೋಡು ಪೋಚ್ಚು’ ಎನ್ನುತ್ತಾರೆ. ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು ಎಂದರ್ಥ. ಹೊಸೂರು, ತಳಿ, ಡೆಂಕಣಿಕೋಟೆ, ಅಂಚೆಟ್ಟಿ, ಪೆನ್ನಾಗರಂ, ಕೊಳತ್ತೂರು ಕಡೆಯ ನಮಗೆ ಎರಡೂ ಮಾತು ಬಾಯಿಗೆ ಬರುತ್ತವೆ. ಒಂದು ಕಾಲಕ್ಕೆ ಇದೆಲ್ಲ ಒಂದೇ ಸೇಲಂ ಜಿಲ್ಲೆ. 1965ರಲ್ಲಿ ಧರ್ಮಪುರಿ ಬೇರೆಯಾಯಿತು, 2004ರಲ್ಲಿ ಕೃಷ್ಣಗಿರಿ ಬೇರೆಯಾಯಿತು. ಗಾದೆಗಳು ಮಾತ್ರ ಯಾವ ಜಿಲ್ಲೆಯ ಗಡಿಯನ್ನೂ ಕೇಳದೆ ಓಡಾಡಿಕೊಂಡಿವೆ.

ಈ ಎರಡೂ ಗಾದೆಗಳು ದೊಣ್ಣೆ ತಪ್ಪಿತು ಎಂಬಲ್ಲಿಗೆ ಮಾತು ಮುಗಿಸುತ್ತವೆ. ತಪ್ಪಿಸಿಕೊಂಡ ಮನುಷ್ಯ ಆಮೇಲೆ ಏನು ಮಾಡಿದ? ಮನೆಯ ದಾರಿ ಹಿಡಿದನೋ, ಅದೇ ದೊಣ್ಣೆಯ ಕೆಳಗೆ ಮತ್ತೆ ಹೋಗಿ ನಿಂತನೋ? ಅದನ್ನು ಗಾದೆ ಹೇಳುವುದಿಲ್ಲ. ಇವತ್ತಿನ ನಮ್ಮ ಮಾತು ಅದರ ಬಗ್ಗೆಯೇ. ಮಾತಿಗೆ ಆಧಾರವಾಗಿ ತೆಗೆದುಕೊಂಡಿರುವುದು ಇಸ್ಪೀಟಿನ ಆಟ, ಅದರಲ್ಲೂ ಪೋಕರ್ ಎಂಬ ಆಟದ ಪಂದ್ಯಾವಳಿಗಳು. ಸೋತೇ ಹೋದ ಎನ್ನುವಾಗ ಎದ್ದು ಬಂದು ಗೆದ್ದವರ ಕತೆಗಳು ಆ ಆಟದಲ್ಲಿ ಬಹಳ. ನಮ್ಮ ಹುಡುಗರ ಕಿವಿಗೂ ಅವು ಬಿದ್ದಿವೆ. ಹಾಗಾಗಿ ಆ ಕತೆಗಳನ್ನು ಸ್ವಲ್ಪ ಬಿಚ್ಚಿ ನೋಡುವುದು ಒಳ್ಳೆಯದು.

ಇಸ್ಪೀಟು ನಮಗೆ ಹೊಸದಲ್ಲ. ಯುಗಾದಿ ಬಂದರೆ ಅರಳಿಕಟ್ಟೆಯಲ್ಲಿ ಎಲೆ ಹಾಕುವುದುಂಟು. ರಮ್ಮಿ, ಮೂರೆಲೆ, ಅಂದರ್ ಬಾಹರ್ ಈ ಹೆಸರುಗಳನ್ನು ಕೇಳದವರು ಕಡಿಮೆ. ತಮಿಳಿನಲ್ಲಿ ಇಸ್ಪೀಟಿನ ಎಲೆಗೂ ಚೀಟಿ ಹಣಕ್ಕೂ ‘ಶೀಟ್ಟು’ ಎಂಬ ಒಂದೇ ಮಾತು. ಒಂದು ಶೀಟ್ಟಿನಲ್ಲಿ ಮಗಳ ಮದುವೆಗೆ ಹಣ ಕೂಡುತ್ತದೆ, ಇನ್ನೊಂದು ಶೀಟ್ಟಿನಲ್ಲಿ ಆ ಹಣ ಕರಗುತ್ತದೆ.

ಪೋಕರ್ ಆಟದಲ್ಲಿ ಬಹಳ ಹೆಸರಾದ ಬಗೆಯನ್ನು ಹೇಳುತ್ತೇನೆ. ಆಡುವ ಪ್ರತಿಯೊಬ್ಬರಿಗೂ ಎರಡೆರಡು ಎಲೆ ಮುಚ್ಚಿ ಹಂಚುತ್ತಾರೆ. ಆಮೇಲೆ ನಡುವೆ ಐದು ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಬಿಚ್ಚುತ್ತಾರೆ. ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ತನ್ನ ಕೈಯ ಎರಡು, ನಡುವಿನ ಐದು, ಒಟ್ಟು ಏಳರಲ್ಲಿ ಒಳ್ಳೆಯ ಐದನ್ನು ಯಾರು ಕೂಡಿಸುತ್ತಾರೋ ಅವರು ಗೆದ್ದರು. ಒಂದೇ ಬಗೆಯ ಎರಡೆಲೆ ಜೋಡಿ, ಮೂರೆಲೆ ಅದಕ್ಕಿಂತ ದೊಡ್ಡದು, ಮೂರು ಒಂದು ಬಗೆ ಮತ್ತು ಎರಡು ಇನ್ನೊಂದು ಬಗೆ ಸೇರಿದರೆ ಇನ್ನೂ ದೊಡ್ಡದು. ಕೊನೆಯದನ್ನು ಫುಲ್ ಹೌಸ್ ಎನ್ನುತ್ತಾರೆ. ಪ್ರತಿ ಸಲ ಎಲೆ ಬಿಚ್ಚುವ ಮುನ್ನವೂ ಬಿಚ್ಚಿದ ಮೇಲೂ ಪಣ ಕಟ್ಟಬಹುದು, ಪಣ ಏರಿಸಬಹುದು, ಬೇಡವೆಂದು ಎಲೆ ಎಸೆದು ಸುಮ್ಮನಾಗಬಹುದು. ಇಷ್ಟು ತಿಳಿದರೆ ನಮ್ಮ ಮಾತಿಗೆ ಸಾಕು.

ಪಂದ್ಯಾವಳಿ ಎಂದರೆ ಅದಕ್ಕೊಂದು ಕಟ್ಟುಪಾಡು. ಸೇರುವವರೆಲ್ಲ ಒಂದೇ ಮೊತ್ತದ ಪ್ರವೇಶ ಹಣ ಕೊಡುತ್ತಾರೆ. ಎಲ್ಲರಿಗೂ ಸಮನಾಗಿ ಬಿಲ್ಲೆಗಳು ಸಿಗುತ್ತವೆ. ಆ ಬಿಲ್ಲೆಗಳು ಆಟದಲ್ಲಿ ಮಾತ್ರ ನಡೆಯುತ್ತವೆ, ನಡುವೆ ಎದ್ದುಹೋಗಿ ಅವನ್ನು ನಗದು ಮಾಡಿಸಲಾಗದು. ಬಿಲ್ಲೆ ಮುಗಿದವನು ಹೊರಗೆ. ಎಲ್ಲರ ಬಿಲ್ಲೆಯೂ ಒಬ್ಬನ ಮುಂದೆ ಗುಡ್ಡೆಯಾದಾಗ ಆಟ ಮುಗಿಯಿತು. ಹೊತ್ತು ಹೋದಂತೆ ಕಡ್ಡಾಯ ಪಣ ಏರುತ್ತದೆ. ಆದ್ದರಿಂದ ಸುಮ್ಮನೆ ಕೂತರೂ ಬಿಲ್ಲೆ ಕರಗುತ್ತದೆ. ಬಿಲ್ಲೆ ಕಡಿಮೆಯಾದವನು ಒಂದಲ್ಲ ಒಂದು ಹೊತ್ತಿನಲ್ಲಿ ಇದ್ದದ್ದನ್ನೆಲ್ಲ ಮುಂದೆ ತಳ್ಳಿ ‘ಇದೋ, ಎಲ್ಲಾ ಇಟ್ಟೆ’ ಎನ್ನಲೇಬೇಕು. ಆ ಗಳಿಗೆಯಲ್ಲಿ ಅವನು ಒಂದೋ ಹೊರಗೆ, ಇಲ್ಲವೇ ಇಮ್ಮಡಿ. ಪಂದ್ಯಾವಳಿಯಲ್ಲಿ ಇಷ್ಟೊಂದು ಪಾರಾಗುವ ಕತೆಗಳು ಹುಟ್ಟುವುದು ಈ ಕಟ್ಟುಪಾಡಿನಿಂದಲೇ. ಅದರಲ್ಲಿ ಪವಾಡವೇನೂ ಇಲ್ಲ.

ಈಗ ಹೆಸರುವಾಸಿಯಾದ ಮೊದಲ ಕತೆ. ಅಮೆರಿಕದ ಲಾಸ್ ವೇಗಾಸ್ ಎಂಬ ಊರಿನಲ್ಲಿ 1970ರಿಂದ ‘ವರ್ಲ್ಡ್ ಸೀರೀಸ್ ಆಫ್ ಪೋಕರ್’ ಎಂಬ ಪಂದ್ಯಾವಳಿ ನಡೆಯುತ್ತಿದೆ. 1982ರ ಮುಖ್ಯ ಪಂದ್ಯದಲ್ಲಿ 104 ಮಂದಿ ಇದ್ದರು. ಪ್ರವೇಶ ಹಣ ತಲೆಗೆ 10,000 ಡಾಲರ್. ಜ್ಯಾಕ್ ಸ್ಟ್ರಾಸ್ ಎಂಬಾತ ಇದ್ದದ್ದನ್ನೆಲ್ಲ ಇಟ್ಟು ಸೋತು ಮೇಲೇಳುತ್ತಿದ್ದನಂತೆ. ಮುಂದಿದ್ದ ಕೈವಸ್ತ್ರ ಎತ್ತಿದರೆ ಕೆಳಗೆ 500ರ ಒಂದೇ ಒಂದು ಬಿಲ್ಲೆ ಅಡಗಿತ್ತು. ‘ಎಲ್ಲಾ ಇಟ್ಟೆ’ ಎಂದು ಅವನು ಬಾಯಿಬಿಟ್ಟು ಹೇಳಿರದ ಕಾರಣ ಆ ಬಿಲ್ಲೆಯೊಂದಿಗೆ ಮುಂದುವರಿಯಲು ಬಿಟ್ಟರು. ಆತ ಆ ಒಂದು ಬಿಲ್ಲೆಯಿಂದ ಮೇಲೇರಿ ಪಂದ್ಯಾವಳಿಯನ್ನೇ ಗೆದ್ದ. ಬಹುಮಾನ 5,20,000 ಡಾಲರ್. ಅಂದಿನಿಂದ ಪೋಕರ್ ಆಡುವವರ ಬಾಯಲ್ಲಿ ‘ಒಂದು ಬಿಲ್ಲೆ, ಒಂದು ಕುರ್ಚಿ ಇದ್ದರೆ ಸಾಕು’ ಎಂಬುದು ಗಾದೆಯಂತೆ ಓಡಾಡುತ್ತಿದೆ.

ಕತೆ ಕೇಳಲು ಚೆನ್ನಾಗಿದೆ. ಈಗ ಲೆಕ್ಕ ಹಾಕೋಣ. 104 ಮಂದಿಗೆ ತಲಾ 10,000ದಂತೆ ಒಟ್ಟು ಬಿಲ್ಲೆಗಳ ಬೆಲೆ 10,40,000. ಅದರಲ್ಲಿ 500 ಎಂದರೆ 2,080ರಲ್ಲಿ ಒಂದು ಪಾಲು. 500ನ್ನು ಇಮ್ಮಡಿ ಮಾಡುತ್ತ ಹೋಗಿ: 1,000, 2,000, 4,000. ಹೀಗೆ ಹನ್ನೊಂದು ಸಲ ಇಮ್ಮಡಿಯಾದರೆ 10,24,000, ಹೆಚ್ಚು ಕಡಿಮೆ ಎಲ್ಲ ಬಿಲ್ಲೆಯೂ ಕೈಗೆ ಬಂದಂತೆ. ಆಡುವವರೆಲ್ಲ ಸರಿಸಮಾನರಾಗಿದ್ದರೆ ಒಬ್ಬನ ಗೆಲುವಿನ ಸಂಭವವೂ ಅವನ ಮುಂದಿರುವ ಬಿಲ್ಲೆಯ ಪಾಲೂ ಒಂದೇ. ಎಂದರೆ ಅಂಥ ಸ್ಥಿತಿಗೆ ಬಂದ 2,080 ಮಂದಿಯಲ್ಲಿ ಒಬ್ಬ ಎದ್ದು ಬರುತ್ತಾನೆ. ಸ್ಟ್ರಾಸ್ ಪಳಗಿದ ಆಟಗಾರ, ಅವನಿಗೆ ಇದಕ್ಕಿಂತ ಒಳ್ಳೆಯ ಸಂಭವವೇ ಇದ್ದಿರಬಹುದು. ಆದರೂ ಒಂದೇ ಬಿಲ್ಲೆ ಉಳಿದು, ಮತ್ತೆ ಎರಡು ಆಟದಲ್ಲಿ ಅದನ್ನೂ ಕಳೆದುಕೊಂಡು ಮನೆಗೆ ಹೋದವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಬರೆದಿಡುವಂಥ ಕತೆಯೂ ಅದಲ್ಲ.

ಎರಡನೆಯ ಕತೆ 2003ರದು. ಟೆನ್ನೆಸ್ಸಿ ರಾಜ್ಯದ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗ ಕಂಪ್ಯೂಟರ್‌ನಲ್ಲಿ ನಡೆದ ಸಣ್ಣ ಪ್ರವೇಶ ಹಣದ ಆಟ ಗೆದ್ದು ಅದೇ ದೊಡ್ಡ ಪಂದ್ಯಕ್ಕೆ ಬಂದ. ಮನಿಮೇಕರ್ ಎಂದರೆ ಹಣ ಮಾಡುವವನು. ಆದರೆ ಅದು ಅವನ ನಿಜವಾದ ಮನೆತನದ ಹೆಸರು. 839 ಮಂದಿಯಲ್ಲಿ ಹತ್ತು ಜನ ಉಳಿದಾಗ ಅವನಿಗೆ ಎದುರಾದವನು ಫಿಲ್ ಐವಿ ಎಂಬ ಘಟಾನುಘಟಿ.

ಎಲೆಗಳನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಮನಿಮೇಕರ್ ಕೈಯಲ್ಲಿ ಎಕ್ಕ, ರಾಣಿ. ಐವಿಯ ಕೈಯಲ್ಲಿ ಎರಡು ಒಂಬತ್ತು. ನಡುವೆ ಬಿಚ್ಚಿದ ಮೊದಲ ಮೂರೆಲೆ ರಾಣಿ, ಆರು, ರಾಣಿ. ಮನಿಮೇಕರ್‌ಗೆ ಮೂರು ರಾಣಿಯಾಯಿತು, ಅವನೇ ಮುಂದು. ಕಾಣದ ಎಲೆ 45. ಅವುಗಳಲ್ಲಿ ಒಂಬತ್ತು ಇರುವುದು ಎರಡೇ. ನಾಲ್ಕನೆಯ ಎಲೆ ಬಿಚ್ಚಿದರೆ ಒಂಬತ್ತು! ಈಗ ಐವಿಗೆ ಮೂರು ಒಂಬತ್ತು, ಎರಡು ರಾಣಿ ಸೇರಿ ಫುಲ್ ಹೌಸ್. ಅವನು ಇದ್ದದ್ದನ್ನೆಲ್ಲ ಮುಂದೆ ತಳ್ಳಿದ, ಮನಿಮೇಕರ್ ಒಪ್ಪಿಕೊಂಡ. ಉಳಿದದ್ದು ಒಂದೇ ಎಲೆ. ಕಾಣದ 44 ಎಲೆಗಳಲ್ಲಿ ಮನಿಮೇಕರ್‌ನನ್ನು ಉಳಿಸಬಲ್ಲವು ಮೂರು ಎಕ್ಕ, ಮೂರು ಆರು, ಒಂದು ರಾಣಿ, ಒಟ್ಟು 7. ಮುಳುಗಿಸುವವು 37. ನೂರಕ್ಕೆ ಸುಮಾರು 16ರಷ್ಟು ಸಂಭವ. ಬಿಚ್ಚಿದ ಎಲೆ ಎಕ್ಕ. ಮೂರು ರಾಣಿ, ಎರಡು ಎಕ್ಕ, ಅದು ಐವಿಯದಕ್ಕಿಂತ ದೊಡ್ಡ ಫುಲ್ ಹೌಸ್. ಐವಿ ಹತ್ತನೆಯವನಾಗಿ ಎದ್ದು ಹೋದ. ಮನಿಮೇಕರ್ ಕೊನೆಗೆ ಪಂದ್ಯಾವಳಿ ಗೆದ್ದು 25 ಲಕ್ಷ ಡಾಲರ್ ಪಡೆದ.

ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಬೇಕು. ಮನಿಮೇಕರ್ ಪಾರಾದ ಎಂದು ಲೋಕವೆಲ್ಲ ಹೇಳಿತು. ಆದರೆ ಒಂದು ಗಳಿಗೆ ಹಿಂದೆ ಪಾರಾದವನು ಐವಿ. ಅವನಿಗೆ ಬಂದ ಒಂಬತ್ತು 45ರಲ್ಲಿ 2ರ ಸಂಭವದ್ದು, ಅದು ಮನಿಮೇಕರ್‌ಗೆ ಬಂದ ಎಕ್ಕಕ್ಕಿಂತಲೂ ಅಪರೂಪ. ಅದೃಷ್ಟ ಇಬ್ಬರ ಮನೆಗೂ ಹೋಗಿ ಬಂತು, ಕೊನೆಗೆ ಯಾರ ಮನೆಯಲ್ಲಿ ನಿಂತಿತೋ ಅವನ ಕತೆ ಉಳಿಯಿತು. ಇಸ್ಪೀಟಿನಲ್ಲಿ ಒಬ್ಬನ ತಲೆ ಉಳಿಯಿತು ಎಂದರೆ ಆ ದೊಣ್ಣೆ ಇನ್ನೊಬ್ಬನ ತಲೆಗೆ ಬಿತ್ತು ಎಂದೇ ಲೆಕ್ಕ. ಮಳೆ ಬಂದರೆ ಎಲ್ಲರ ಹೊಲಕ್ಕೂ ಬರುತ್ತದೆ. ಮೇಜಿನ ಮೇಲಿನ ಹಣ ಹಾಗಲ್ಲ, ಒಬ್ಬನ ಜೇಬಿನಿಂದ ಹೋಗದೆ ಇನ್ನೊಬ್ಬನ ಜೇಬಿಗೆ ಬಾರದು.

ಆ ಒಂದು ಎಕ್ಕದ ಎಲೆ ಏನು ಮಾಡಿತು ಗೊತ್ತೇ? ಲೆಕ್ಕ ಬರೆಯುವ ಒಬ್ಬ ಸಾಮಾನ್ಯ ಮನುಷ್ಯ ಗೆದ್ದ, ನಾನೂ ಗೆಲ್ಲಬಹುದು ಎಂದು ಜನ ನುಗ್ಗಿದರು. 2003ರಲ್ಲಿ 839 ಇದ್ದದ್ದು 2004ರಲ್ಲಿ 2,576 ಆಯಿತು, 2006ರಲ್ಲಿ 8,773 ಆಯಿತು. ಬಂದವರೆಲ್ಲ ಕೇಳಿದ್ದು ಒಬ್ಬನ ಕತೆ. ಉಳಿದ 838 ಮಂದಿಯ ಕತೆ ಅವರ ಕಿವಿಗೆ ಬೀಳಲಿಲ್ಲ. ಗೆದ್ದವನ ಕತೆ ಊರೆಲ್ಲ ತಿರುಗುತ್ತದೆ, ಸೋತವನ ಕತೆ ಅವನ ಮನೆಯ ಹೊಸ್ತಿಲು ದಾಟುವುದಿಲ್ಲ. ನಮ್ಮ ಊರಲ್ಲೂ ಹಾಗೇ ಅಲ್ಲವೇ? ‘ಅವನು ಫೋನಿನಲ್ಲಿ ಆಡಿ ಬೈಕು ತೆಗೆದ’ ಎಂಬುದು ಟೀ ಅಂಗಡಿಯ ಮಾತು. ‘ಅವಳ ಓಲೆ ಅಡವಿಗೆ ಹೋಯಿತು’ ಎಂಬುದು ಅಡಿಗೆ ಮನೆಯ ಮಾತು.

ದೂರದ ಅಮೆರಿಕದ ಕತೆ ಸಾಕು, ನಮ್ಮ ಮಹಾಭಾರತಕ್ಕೆ ಬರೋಣ. ಇದೇ ಪಾಠವನ್ನು ಅದು ಎರಡು ಸಲ ಹೇಳಿದೆ, ಒಂದು ಸಲ ಹೀಗೆ, ಒಂದು ಸಲ ಹಾಗೆ.

ದ್ರೌಪದಿ ಅಮ್ಮನ ಹಬ್ಬದಲ್ಲಿ ಭಾರತ ಓದಿಸಿ, ರಾತ್ರಿ ಕೂತು ತೆರುಕ್ಕೂತ್ತು ನೋಡಿದವರಿಗೆ ಜೂಜಿನ ಸಭೆಯ ಪ್ರಸಂಗ ಗೊತ್ತು. ಕನ್ನಡದಲ್ಲಿ ಕುಮಾರವ್ಯಾಸನ ಸಭಾಪರ್ವ ಕೇಳಿದವರಿಗೂ ಗೊತ್ತು. ಧರ್ಮರಾಯ ಸಂಪತ್ತು ಸೋತ, ತಮ್ಮಂದಿರನ್ನು ಸೋತ, ತನ್ನನ್ನೇ ಸೋತ, ದ್ರೌಪದಿಯನ್ನೂ ಪಣಕ್ಕಿಟ್ಟು ಸೋತ. ನಮ್ಮಲ್ಲಿ ಬಹಳ ಜನ ಕತೆಯನ್ನು ಅಲ್ಲಿಂದ ನೇರವಾಗಿ ವನವಾಸಕ್ಕೆ ಹಾರಿಸಿಬಿಡುತ್ತಾರೆ. ನಡುವೆ ನಡೆದದ್ದನ್ನು ಮರೆಯುತ್ತಾರೆ. ನಡುವೆ ನಡೆದದ್ದೇ ಮುಖ್ಯ. ಧೃತರಾಷ್ಟ್ರ ಹೆದರಿ ದ್ರೌಪದಿಗೆ ವರ ಕೊಟ್ಟ. ಅವಳು ಮೊದಲ ವರದಲ್ಲಿ ಧರ್ಮರಾಯನನ್ನು ಬಿಡಿಸಿದಳು, ಎರಡನೆಯದರಲ್ಲಿ ಉಳಿದ ನಾಲ್ವರನ್ನು ಅವರ ರಥ, ಆಯುಧಗಳೊಂದಿಗೆ ಬಿಡಿಸಿದಳು. ಮೂರನೆಯ ವರ ಬೇಡವೆಂದಳು. ಧೃತರಾಷ್ಟ್ರ ಸೋತ ರಾಜ್ಯವನ್ನೂ ಹಿಂದಕ್ಕೆ ಕೊಟ್ಟ. ಬೀಸಿದ ದೊಣ್ಣೆ ಇದಕ್ಕಿಂತ ಚೆನ್ನಾಗಿ ತಪ್ಪಿದ್ದು ಎಲ್ಲಾದರೂ ಉಂಟೇ? ಎಲ್ಲವೂ ಕೈಗೆ ಬಂದಿತ್ತು, ರಥ ಇಂದ್ರಪ್ರಸ್ಥದ ದಾರಿ ಹಿಡಿದಿತ್ತು. ಅಷ್ಟರಲ್ಲಿ ಮತ್ತೊಂದು ಆಟಕ್ಕೆ ಕರೆ ಬಂತು. ಧರ್ಮರಾಯ ತಿರುಗಿ ಹೋದ. ಒಂದೇ ಪಣ: ಹನ್ನೆರಡು ವರ್ಷ ಕಾಡು, ಒಂದು ವರ್ಷ ಅಜ್ಞಾತ. ಅದನ್ನೂ ಸೋತ. ಅವನಿಗೆ ಹದಿಮೂರು ವರ್ಷ ತಂದದ್ದು ಮೊದಲ ಸೋಲಲ್ಲ. ಪಾರಾದ ಮೇಲೆ ಮತ್ತೆ ಹೋಗಿ ಕೂತದ್ದು.

ಕಾಡಿನಲ್ಲಿರುವಾಗ ಅದೇ ಧರ್ಮರಾಯನಿಗೆ ಬೃಹದಶ್ವ ಮುನಿ ನಳನ ಕತೆ ಹೇಳುತ್ತಾನೆ. ಕನಕದಾಸರ ‘ನಳಚರಿತ್ರೆ’ ನಮಗೆ ಗೊತ್ತು, ಪುಗಳೇಂದಿಯ ‘ನಳವೆಣ್ಬಾ’ ತಮಿಳಿನವರಿಗೆ ಗೊತ್ತು. ನಳನೂ ಜೂಜಿನಲ್ಲಿ ತಮ್ಮ ಪುಷ್ಕರನಿಗೆ ರಾಜ್ಯ ಸೋತವನು. ಮಾರುವೇಷದಲ್ಲಿ ಋತುಪರ್ಣ ರಾಜನ ಸಾರಥಿಯಾಗಿ ಸೇರಿಕೊಂಡ. ಒಂದು ದಿನ ರಥ ಓಡುತ್ತಿರುವಾಗ ದಾರಿಯಲ್ಲಿ ತಾರೆಮರವೊಂದು ಕಂಡಿತು. ತಮಿಳಿನಲ್ಲಿ ತಾನ್ರಿ ಎನ್ನುವ ಮರ, ನಮ್ಮ ಕಾಡುಗಳಲ್ಲಿ ಬೆಳೆಯುವುದೇ. ಆ ಕಾಲದಲ್ಲಿ ಅದರ ಕಾಯಿಗಳೇ ಜೂಜಿನ ದಾಳ. ಋತುಪರ್ಣ ಮರವನ್ನು ಒಂದು ಕ್ಷಣ ನೋಡಿ, ಅದರ ಎರಡು ಕೊಂಬೆಗಳಲ್ಲಿ 2,095 ಹಣ್ಣಿವೆ ಎಂದ. ನಳ ನಂಬದೆ ರಥ ನಿಲ್ಲಿಸಿ, ಮರ ಕಡಿದು ಎಣಿಸಿ ನೋಡಿದ. ಲೆಕ್ಕ ಸರಿಯಾಗಿತ್ತು. ತನ್ನ ಕುದುರೆ ವಿದ್ಯೆ ಕೊಟ್ಟು ರಾಜನಿಂದ ಆ ಎಣಿಕೆಯ ವಿದ್ಯೆಯನ್ನು ಕಲಿತ. ಅದರ ಹೆಸರು ಅಕ್ಷಹೃದಯ, ದಾಳದ ಒಳಗುಟ್ಟು. ಅದು ಬಂದ ಕೂಡಲೇ ಮೈಯೊಳಗಿದ್ದ ಕಲಿ ಹೊರಬಿದ್ದ ಎನ್ನುತ್ತದೆ ಕತೆ. ಆಮೇಲೆ ನಳ ಪುಷ್ಕರನೊಂದಿಗೆ ಒಂದೇ ಪಣದ ಆಟ ಆಡಿ ರಾಜ್ಯ ಗೆದ್ದ, ತಮ್ಮನನ್ನು ಕ್ಷಮಿಸಿದ, ಜೂಜನ್ನು ಅಲ್ಲಿಗೆ ಮುಗಿಸಿದ.

ಇಬ್ಬರ ಕತೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಧರ್ಮರಾಯ ಅದೃಷ್ಟದಿಂದ ಪಾರಾದ, ಏನೂ ಕಲಿಯದೆ ಮತ್ತೆ ಕೂತ. ನಳ ಕಲಿತ ಮೇಲೆ ಒಂದೇ ಸಲ ಕೂತ, ಆಮೇಲೆ ಎದ್ದ. ಎಣಿಸುವ ವಿದ್ಯೆ ಬಂದವನ ಮೈಯಿಂದ ಕಲಿ ಓಡಿದ ಎಂಬುದು ಬರೀ ಪುರಾಣದ ಮಾತಲ್ಲ. 44 ಎಲೆಯಲ್ಲಿ 7 ಎಂದು ಎಣಿಸಬಲ್ಲವನಿಗೆ ‘ಇವತ್ತು ನನ್ನ ದಿನ’ ಎಂಬ ಮಾತು ಹಿಡಿಸುವುದಿಲ್ಲ.

ಇನ್ನು ಫೋನಿನ ಆಟದ ವಿಷಯ. ಪಂದ್ಯಾವಳಿಯ ‘ಒಂದು ಬಿಲ್ಲೆ, ಒಂದು ಕುರ್ಚಿ’ ಎಂಬ ಮಾತನ್ನು ಫೋನಿನ ಆಟಕ್ಕೆ ತಂದರೆ ಅದು ವಿಷ. ಕಾರಣ ಹೇಳುತ್ತೇನೆ. ಪಂದ್ಯಾವಳಿಯಲ್ಲಿ ಕಳೆದುಕೊಳ್ಳುವುದು ಮೊದಲೇ ಕೊಟ್ಟ ಪ್ರವೇಶ ಹಣ ಮಾತ್ರ. ಕೊನೆಯ ಬಿಲ್ಲೆ ಹೋದರೂ ಮನೆಯ ಹಸು ಕೊಟ್ಟಿಗೆಯಲ್ಲೇ ಇರುತ್ತದೆ. ಆಟಕ್ಕೆ ಒಂದು ಕೊನೆಯೂ ಉಂಟು. ಹಣ ಹಾಕಿ ಹಣ ತೆಗೆಯುವ ಫೋನಿನ ಆಟಕ್ಕೆ ಕೊನೆ ಎಂಬುದಿಲ್ಲ. ರಾತ್ರಿ ಎರಡು ಗಂಟೆಗೂ ಮೇಜು ತೆರೆದಿರುತ್ತದೆ, ಬಿಲ್ಲೆ ಮುಗಿದರೆ ಬೆರಳು ಒತ್ತಿದೊಡನೆ ಮತ್ತೆ ಬಿಲ್ಲೆ. ಅಲ್ಲಿ ಎದ್ದು ಬರುತ್ತೇನೆ ಎಂದರೆ ಹೋದ ಹಣದ ಬೆನ್ನು ಹತ್ತಿ ಇರುವ ಹಣವನ್ನೂ ಕಳಿಸುವುದು.

ಕಳೆದುಕೊಂಡಲ್ಲೇ ಹುಡುಕಬೇಕು ಎಂಬ ಮಾತುಂಟು. ದಾರಿಯಲ್ಲಿ ಬಿದ್ದ ಕಾಸಿಗೆ ಅದು ಸರಿ, ಆ ಕಾಸು ಅಲ್ಲೇ ಬಿದ್ದಿರುತ್ತದೆ. ಜೂಜಿನಲ್ಲಿ ಹೋದ ಕಾಸು ಅಲ್ಲಿರುವುದಿಲ್ಲ, ಅದು ಆಗಲೇ ಬೇರೆಯವರ ಜೇಬು ಸೇರಿರುತ್ತದೆ. ಕೆಲವರು ಒಂದು ಉಪಾಯ ಹೇಳುತ್ತಾರೆ: 100 ಸೋತರೆ 200 ಕಟ್ಟು, ಅದೂ ಹೋದರೆ 400 ಕಟ್ಟು, ಯಾವತ್ತೋ ಒಂದು ಸಲ ಗೆದ್ದೇ ಗೆಲ್ಲುತ್ತೀಯ, ಎಲ್ಲ ಬಂದುಬಿಡುತ್ತದೆ ಎಂದು. ಲೆಕ್ಕ ಹಾಕಿ. ಸಾಲಾಗಿ ಹತ್ತು ಸಲ ಸೋತರೆ ಹೋದದ್ದು 1,02,300 ರೂಪಾಯಿ. ಹನ್ನೊಂದನೆಯ ಸಲಕ್ಕೆ ಕಟ್ಟಬೇಕಾದದ್ದು 1,02,400. ಅಷ್ಟನ್ನು ಕಟ್ಟಿ ಗೆದ್ದರೂ ಒಟ್ಟು ಲಾಭ ಎಷ್ಟು? ಬರೀ 100 ರೂಪಾಯಿ. ನೂರು ರೂಪಾಯಿಗಾಗಿ ಒಂದು ಲಕ್ಷವನ್ನು ಬೆಂಕಿಯ ಬಾಯಿಗೆ ಹಿಡಿಯುವ ಉಪಾಯ ಅದು.

ಇನ್ನೊಂದು ಲೆಕ್ಕ ಯಾರೂ ಹೇಳುವುದಿಲ್ಲ, ಮೇಜು ಹಾಕಿದವನ ಪಾಲು. ಒಂದು ಉದಾಹರಣೆ ಇಟ್ಟುಕೊಳ್ಳಿ. ಆರು ಮಂದಿ ತಲಾ 100 ರೂಪಾಯಿ ತಂದರು, ಒಟ್ಟು 600. ಪ್ರತಿ ಸುತ್ತಿನಲ್ಲೂ ಆ ಹಣವೆಲ್ಲ ಮೇಜಿಗೆ ಬಂದು, ಮೇಜಿನವನು ನೂರಕ್ಕೆ ಹತ್ತು ಎತ್ತಿಕೊಳ್ಳುತ್ತಾನೆ ಎನ್ನಿ. ಆರು ಮಂದಿಯೂ ಸರಿಸಮಾನರು, ಒಮ್ಮೆ ಇವನು ಗೆದ್ದ, ಒಮ್ಮೆ ಅವನು ಗೆದ್ದ. ಹಾಗಿದ್ದರೂ ಏಳು ಸುತ್ತು ಮುಗಿಯುವ ಹೊತ್ತಿಗೆ 600 ರೂಪಾಯಿ 287ಕ್ಕೆ ಇಳಿದಿರುತ್ತದೆ. ಅರ್ಧಕ್ಕಿಂತ ಹೆಚ್ಚು ಹಣ ಮೇಜಿನವನ ಪಾಲು. ಜಾಣ್ಮೆಯ ಆಟ ಎಂಬ ಮಾತು ನಿಜವೇ ಇದ್ದರೂ, ಎದುರಿನವನನ್ನು ಮಾತ್ರ ಗೆದ್ದರೆ ಸಾಲದು, ಈ ಪಾಲನ್ನೂ ಗೆಲ್ಲಬೇಕು. ಹಾಗೆ ಗೆಲ್ಲುವವರು ಇದ್ದಾರೆ, ಆದರೆ ಬಹಳ ಕಡಿಮೆ, ಮತ್ತು ಅವರು ದಿನದ ಕೂಲಿ ಮುಗಿಸಿ ನಿದ್ದೆಗಣ್ಣಿನಲ್ಲಿ ಆಡುವವರಲ್ಲ.

ಕಾನೂನಿನ ಮಾತು ಗಡಿಯವರಾದ ನಮಗೆ ಸ್ವಲ್ಪ ಗೋಜಲು. ಈ ಕಡೆ 1930ರ ತಮಿಳುನಾಡು ಜೂಜು ಕಾಯಿದೆ, ಆ ಕಡೆ 1963ರ ಕರ್ನಾಟಕ ಪೊಲೀಸ್ ಕಾಯಿದೆ. ಮೂರೆಲೆಯಂಥದು ಶುದ್ಧ ಅದೃಷ್ಟದ ಆಟ, ರಮ್ಮಿಯಲ್ಲಿ ಹೆಚ್ಚಿನ ಪಾಲು ಜಾಣ್ಮೆ ಎಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿತು. ಆಡಿಸುವವರು ಪಣದಿಂದ ಲಾಭ ಮಾಡಿಕೊಂಡರೆ ಅಪರಾಧವಾಗಬಹುದು ಎಂದೂ ಅದೇ ತೀರ್ಪು ಹೇಳಿತ್ತು, ಆ ಮಾತನ್ನು ಬಹಳ ಜನ ಮರೆತರು. ಫೋನು ಬಂದ ಮೇಲೆ ಗೋಜಲು ಹೆಚ್ಚಿತು. ತಮಿಳುನಾಡು ಮಾಡಿದ ಕಾನೂನನ್ನು 2021ರ ಆಗಸ್ಟಿನಲ್ಲಿ ಮದ್ರಾಸು ಹೈಕೋರ್ಟು ತಳ್ಳಿಹಾಕಿತು. ಕರ್ನಾಟಕ ಮಾಡಿದ ತಿದ್ದುಪಡಿಯನ್ನು 2022ರ ಫೆಬ್ರವರಿಯಲ್ಲಿ ಅಲ್ಲಿನ ಹೈಕೋರ್ಟು ತಳ್ಳಿಹಾಕಿತು. ಸಾಲದ ಹೊರೆಯಿಂದ ಜನ ಪ್ರಾಣ ಕಳೆದುಕೊಂಡ ಸುದ್ದಿಗಳು ಬಂದಾಗ, ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಸಮಿತಿಯ ವರದಿ ಪಡೆದು ತಮಿಳುನಾಡು 2022ರಲ್ಲಿ ಮತ್ತೆ ಕಾನೂನಿಗೆ ಹೊರಟಿತು. 2023ರಲ್ಲಿ ಅದು ಕಾಯಿದೆಯಾಯಿತು. ಅದೇ ವರ್ಷ ನವೆಂಬರಿನಲ್ಲಿ ಹೈಕೋರ್ಟು ಕಾಯಿದೆಯನ್ನು ಎತ್ತಿಹಿಡಿದರೂ ರಮ್ಮಿ, ಪೋಕರ್ ಎರಡನ್ನೂ ಅದೃಷ್ಟದ ಆಟಗಳ ಪಟ್ಟಿಯಿಂದ ಹೊರಗಿಟ್ಟಿತು. 2025ರಲ್ಲಿ ನಡುರಾತ್ರಿಯಿಂದ ಬೆಳಗಿನ ಐದರವರೆಗೆ ಹಣದ ಆಟ ಕೂಡದು ಎಂಬ ತಮಿಳುನಾಡಿನ ನಿಯಮವನ್ನು ಅದೇ ಹೈಕೋರ್ಟು ಒಪ್ಪಿತು. ಆ ವರ್ಷದ ಆಗಸ್ಟಿನಲ್ಲಿ ಪಾರ್ಲಿಮೆಂಟು ದೇಶಕ್ಕೆಲ್ಲ ಒಂದು ಕಾನೂನು ಮಾಡಿತು. ಜಾಣ್ಮೆಯೋ ಅದೃಷ್ಟವೋ ಎಂದು ನೋಡದೆ, ಫೋನು ಕಂಪ್ಯೂಟರಿನಲ್ಲಿ ಹಣ ಕಟ್ಟಿಸಿಕೊಂಡು ಆಡಿಸುವುದನ್ನೇ ಅದು ನಿಷೇಧಿಸಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡಿದವನಿಗೆ ಶಿಕ್ಷೆ ಇಡಲಿಲ್ಲ. ಕಾನೂನು ಬಂದ ಬೆನ್ನಿಗೇ ದೊಡ್ಡ ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು, ಕೆಲವರು ಕೋರ್ಟಿನ ಬಾಗಿಲಿಗೂ ಹೋದರು.

ಕಾನೂನು ಬಂತು, ಇನ್ನು ಭಯವಿಲ್ಲ ಎಂದು ಕೂರುವಂತಿಲ್ಲ. ಬಾಗಿಲು ಮುಚ್ಚಿದರೆ ಕಿಟಕಿ ಹುಡುಕುವ ಚಾಳಿ ಜೂಜಿಗೆ ಹಳೆಯದು. ಪರದೇಶದ ಆಟಗಳ ಹೆಸರಿನಲ್ಲಿ, ಗೊತ್ತಿಲ್ಲದ ಗುಂಪುಗಳ ಮೂಲಕ ಹಣ ಕಟ್ಟಿಸಿಕೊಳ್ಳುವವರು ಬರುತ್ತಾರೆ. ಅಲ್ಲಿ ಗೆದ್ದ ಹಣ ಕೈಗೆ ಬರುತ್ತದೆಂಬ ಖಾತರಿ ಏನೂ ಇಲ್ಲ.

ಹಾಗಾದರೆ ಎದ್ದು ಬಂದವನ ಕತೆ ಯಾರಾದರೂ ಹೇಳಿದಾಗ ನಾವೇನು ಕೇಳಬೇಕು? ಮೂರು ಪ್ರಶ್ನೆ ಸಾಕು. ಆ ಆಟಕ್ಕೆ ಒಟ್ಟು ಎಷ್ಟು ಜನ ಕೂತಿದ್ದರು, ಉಳಿದವರು ಏನಾದರು? ಅವನು ಇಟ್ಟದ್ದು ಕಳೆದರೂ ನಡೆಯುವ ಬಿಲ್ಲೆಯೋ, ಮನೆಯವರ ಅನ್ನವೋ? ಪಾರಾದ ಮೇಲೆ ಎದ್ದನೋ, ಮತ್ತೆ ಕೂತನೋ? ಈ ಮೂರಕ್ಕೂ ಉತ್ತರ ಸಿಗದಿದ್ದರೆ ಅದು ಅರ್ಧ ಕತೆ. ಅರ್ಧ ಕತೆ ನಂಬಿ ಇಡೀ ಸಂಬಳ ಕಳೆಯಬೇಡಿ.

ನಿಮ್ಮ ಮನೆಯಲ್ಲೇ ಒಬ್ಬ ಮಗನೋ ಅಳಿಯನೋ ಇದರಲ್ಲಿ ಸಿಕ್ಕಿಕೊಂಡಿದ್ದರೆ, ತಾಯಂದಿರೇ, ಹಿರಿಯರೇ, ಒಂದು ಮಾತು. ನಾಲ್ಕು ಜನರ ಮುಂದೆ ಬೈದು ಅವಮಾನ ಮಾಡಬೇಡಿ. ಅವಮಾನ ತಾಳಲಾರದೆ, ಒಂದೇ ಸಲ ಎಲ್ಲ ಗೆದ್ದು ತಂದು ಮುಖ ತೋರಿಸುತ್ತೇನೆ ಎಂದು ಮತ್ತೆ ಕೂರುವವರೇ ಹೆಚ್ಚು. ಹತ್ತಿರ ಕೂರಿಸಿಕೊಂಡು ಸಾಲಗಳನ್ನೆಲ್ಲ ಒಂದು ಕಾಗದದಲ್ಲಿ ಬರೆಸಿ. ಬರೆದ ಸಾಲಕ್ಕೆ ಅಂಚು ಇರುತ್ತದೆ, ಬಚ್ಚಿಟ್ಟ ಸಾಲಕ್ಕೆ ಇಲ್ಲ. ಒಂದು ಸಾಲ ತೀರಿಸಲು ಫೋನಿನಲ್ಲಿ ಸಿಗುವ ಇನ್ನೊಂದು ಸಾಲ ತೆಗೆಯಲು ಬಿಡಬೇಡಿ. ಕೆಲವು ತಿಂಗಳು ಸಂಬಳದ ಖಾತೆ ಮನೆಯ ಇನ್ನೊಬ್ಬರ ಕೈಯಲ್ಲಿರಲಿ. ಅವನೇ ಒಪ್ಪಿ ಕೊಟ್ಟರೆ ಇನ್ನೂ ಒಳ್ಳೆಯದು.

ಬಿಡಬೇಕೆಂದರೂ ಬಿಡಲಾಗದವನು ಕೆಟ್ಟವನಲ್ಲ, ಅದು ಚಿಕಿತ್ಸೆ ಇರುವ ಕಾಯಿಲೆ. ಟೆಲಿಮಾನಸ್ ಎಂಬ ಸರ್ಕಾರದ ಸಹಾಯವಾಣಿ 2022ರ ಅಕ್ಟೋಬರಿನಿಂದ ಇದೆ. ಸಂಖ್ಯೆ 14416. ಹಣ ಕೊಡಬೇಕಿಲ್ಲ, ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಫೋನು, ಕಂಪ್ಯೂಟರಿನ ಚಟ ಬಿಡಿಸುವುದಕ್ಕೆಂದೇ 2014ರಲ್ಲಿ ಒಂದು ವಿಭಾಗ ತೆರೆದರು. ಹೊಸೂರಿನಿಂದ ಒಂದು ಬಸ್ಸಿನ ದಾರಿ. ಮೋಸದಿಂದ ಖಾತೆಯ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿ. ಸಾಯುವ ಮಾತು ಯಾರ ಬಾಯಲ್ಲಾದರೂ ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳದೆ, ಆ ರಾತ್ರಿ ಅವರನ್ನು ಒಬ್ಬರೇ ಇರಲು ಬಿಡಬೇಡಿ.

ಪಂದ್ಯಾವಳಿಯ ಆಟಗಾರರ ಗಾದೆಯಲ್ಲಿ ನಾವು ಇಟ್ಟುಕೊಳ್ಳಬಹುದಾದ ಒಂದು ಸತ್ಯವೂ ಉಂಟು. ಎಲ್ಲ ಹೋಯಿತು ಎಂದುಕೊಂಡ ಮನುಷ್ಯನ ಹತ್ತಿರವೂ ಏನೋ ಒಂದು ಉಳಿದಿರುತ್ತದೆ. ಎರಡು ಕೈ, ಕಲಿತ ಕೆಲಸ, ಬಾಗಿಲು ತೆರೆಯುವ ಒಂದು ಮನೆ. ಅಷ್ಟರಿಂದ ಮತ್ತೆ ಮೇಲೇಳಬಹುದು, ಎದ್ದವರಿದ್ದಾರೆ. ಆದರೆ ಆ ಉಳಿದ ಬಿಲ್ಲೆಯನ್ನು ಅದೇ ಮೇಜಿನ ಮೇಲೆ ಇಡಬಾರದು.